ಪಕ್ಕೆಯ ಮೇಲಿನ ಹಚ್ಚೆ

ಮಧ್ಯಾಹ್ನದ ಊಟ ಮುಗಿದು ಗಂಡಸರು ಗದ್ದೆಯ ಕಡೆ ಹೋದ ಮೇಲೆ ನಮ್ಮ ಮನೆಯ ಹೆಂಗಸರು ನಡುಮನೆಯಲ್ಲಿ ಕಾಲು ಚಾಚಿ ಕೂತು ಆಡುತ್ತಿದ್ದ ಜಗಳ ಒಂದೇ. ಹಚ್ಚೆ ಹಾಕಿಸಿಕೊಳ್ಳುವಾಗ ಮೈಯ ಯಾವ ಜಾಗದಲ್ಲಿ ಹೆಚ್ಚು ನೋವಾಗುತ್ತದೆ ಎಂಬ ಜಗಳ. ಅಜ್ಜಿಗೆ ಹಣೆಯ ಮೇಲೊಂದು ಗೆರೆ, ಗದ್ದದ ಮೇಲೆ ಮೂರು ಚುಕ್ಕಿ, ಎರಡೂ ಮುಂಗೈ ತುಂಬ ಚೇಳು, ತೊಟ್ಟಿಲು, ತುಳಸಿಕಟ್ಟೆ. ಅವ್ವನಿಗೆ ಮಣಿಕಟ್ಟಿನ ಒಳಮೈಯಲ್ಲಿ ಒಂದು ಹೂವು, ಪಾದದ ಮೇಲೆ ಸಾಲು ಚುಕ್ಕಿ. ಇಬ್ಬರೂ ಮದುವೆಗೆ ಮುಂಚೆ ಹಾಕಿಸಿಕೊಂಡವರು, ಇಬ್ಬರಿಗೂ ತಮ್ಮ ನೋವೇ ದೊಡ್ಡದು. ನೆಂಟರ ಹೆಂಗಸರು ಬಂದರೆ ಅವರೂ ಎಲೆ ಅಡಿಕೆ ಹಾಕಿಕೊಂಡು ಈ ಜಗಳಕ್ಕೆ ಸೇರುತ್ತಿದ್ದರು. ಹೆರಿಗೆಯ ಮಾತು ಬಂದರೆ ನಮ್ಮನ್ನು ಹೊರಗೆ ಅಟ್ಟುತ್ತಿದ್ದವರು ಹಚ್ಚೆಯ ಮಾತಿಗೆ ಅಟ್ಟುತ್ತಿರಲಿಲ್ಲ. ಅಕ್ಕನೂ ನಾನೂ ಹುರಳಿ ಆರಿಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆವು.

“ಹಣೆ ಮ್ಯಾಲೆ ಚುಚ್ಚುದ್ರೆ ಅದು ನೋವಲ್ಲ ಕಣೇ, ಸದ್ದು. ತಲೆ ಒಳಗೆ ಯಾರೋ ಬಾಗ್ಲು ಬಡ್ದಂಗಾಯ್ತದೆ,” ಎನ್ನುತ್ತಿದ್ದಳು ಅಜ್ಜಿ.

“ನಿಮ್ದು ಮೂಳೆ ಅತ್ತೆ, ಸದ್ದು ಮಾಡಿ ಸುಮ್ಕಾಯ್ತದೆ. ಮಣಿಕಟ್ಟಿನ ಒಳಗೆ ನರ ಐತೆ. ಅಲ್ಲಿ ಚುಚ್ಚುದ್ರೆ ಹಲ್ಲೆಲ್ಲ ಜುಮ್ ಅಂತವೆ,” ಎಂದು ಅವ್ವ.

“ಅಯ್ಯೋ, ಬುಡೇ. ಗದ್ದಕ್ಕೆ ಹಾಕುಸ್ಕೊಂಡು ಮೂರು ದಿನ ಮುದ್ದೆ ನುಂಗಕ್ಕಾಗ್ದೆ ಗಂಜಿ ಕುಡ್ದೋಳು ನಾನು.”

ಆ ಮನೆ ಮಾದಿಹಳ್ಳಿಯ ಹತ್ತಿರ, ಗದ್ದೆಬಯಲಿಗೆ ಬೆನ್ನು ಹಾಕಿಕೊಂಡಿತ್ತು. ತಲೆಬಾಗಿಲು ದಾಟಿದರೆ ಬಲಗಡೆ ದನ, ಎಡಗಡೆ ಜನ. ನಡುವೆ ಮೊಣಕಾಲೆತ್ತರದ ಮೋಟುಗೋಡೆ. ಉಣ್ಣಲು ಕೂತರೆ ಎಮ್ಮೆಯ ಉಸಿರು ಬೆನ್ನಿಗೆ ತಾಗುತ್ತಿತ್ತು. ಒಳಗೆ ಹೊಗೆ ಹಿಡಿದ ಅಡುಗೆಮನೆ, ಅದಕ್ಕೆ ಅಂಟಿಕೊಂಡ ಬಚ್ಚಲು, ಇನ್ನೊಂದು ಬದಿಗೆ ಕಿಟಕಿಯಿಲ್ಲದ ಕೋಣೆ. ರಾಗಿ ತುಂಬಿದ ವಾಡೆಗಳಿಗೂ, ಬಾಣಂತಿಯರಿಗೂ, ಜ್ವರ ಬಂದವರಿಗೂ, ಮುನಿಸಿಕೊಂಡವರಿಗೂ ಅದೇ ಕೋಣೆ. ಆ ಮನೆಯಲ್ಲಿ ಒಬ್ಬರೇ ಇರಲು ಜಾಗವೆಂಬುದೇ ಇರಲಿಲ್ಲ. ಒಬ್ಬರು ನಿಟ್ಟುಸಿರು ಬಿಟ್ಟರೆ ಮೂವರು ‘ಯಾಕೆ’ ಎಂದು ಕೇಳುತ್ತಿದ್ದರು. ಈಗಿನವರು ಅಂಥ ಮನೆಗಳನ್ನು ನೆನೆದು ‘ಎಷ್ಟು ಚೆನ್ನಾಗಿತ್ತು’ ಎನ್ನುತ್ತಾರೆ. ಇರಬಹುದು. ನನಗೆ ನೆನೆದರೆ ಸುಸ್ತಾಗುತ್ತದೆ.

ರಾಗಿ ಒಕ್ಕಣೆ ಮುಗಿದ ಹೊತ್ತಿಗೆ ಹಚ್ಚೆಯ ಸಣ್ಣವ್ವ ಬರುತ್ತಿದ್ದಳು. ಬೇಲೂರಿನ ಹೊಳೆಯ ಕಡೆ ಗುಡಾರ ಹಾಕಿಕೊಂಡು ಊರೂರು ತಿರುಗುವವಳು. ನಾಲ್ಕು ಸೂಜಿಗಳನ್ನು ನೂಲಿನಲ್ಲಿ ಬಿಗಿದು ಕಟ್ಟಿ ಇಟ್ಟುಕೊಂಡಿರುತ್ತಿದ್ದಳು. ಹರಳೆಣ್ಣೆ ದೀಪದ ಮಸಿಯನ್ನು ಗರುಗದ ಸೊಪ್ಪಿನ ರಸದಲ್ಲಿ ಕಲಸಿ, ಊರಿನ ಯಾವುದಾದರೂ ಬಾಣಂತಿಯಿಂದ ನಾಲ್ಕು ಹನಿ ಎದೆಹಾಲು ಕೇಳಿ ತಂದು ಬೆರೆಸುತ್ತಿದ್ದಳು. ಅವಳದೊಂದು ಕಟ್ಟಳೆಯಿತ್ತು. ಹಚ್ಚೆ ಹಾಕಿಸಿಕೊಳ್ಳುವವಳನ್ನು ಒಡಹುಟ್ಟಿದವರೇ ಹಿಡಿದುಕೊಳ್ಳಬೇಕು. ತಾಯಿ ಹಿಡಿದರೆ ಕೈ ಸಡಿಲ ಬಿಡುತ್ತಾಳೆ, ಹೊರಗಿನವರು ಹಿಡಿದರೆ ಹುಡುಗಿ ಕೊಸರಿಕೊಂಡು ಏಳುತ್ತಾಳೆ ಎಂಬುದು ಅವಳ ಅನುಭವ. ಎಲ್ಲಿ ಎಷ್ಟು ನೋವು ಎಂದು ಯಾರು ಕೇಳಿದರೂ ಅವಳದು ಒಂದೇ ಉತ್ತರ.

“ಮಾಂಸದ ಮ್ಯಾಲೆ ಇರುವೆ, ಮೂಳೆ ಮ್ಯಾಲೆ ಚೇಳು. ಎಲ್ಲಿ ಬೇಕು ನೀನೇ ಹೇಳು ಮಗ.”

ನನ್ನಕ್ಕ ಗೌರಿ ನನಗಿಂತ ಏಳು ವರ್ಷ ದೊಡ್ಡವಳು. ಅವಳ ಎಡ ಮುಂಗೈ ಮೇಲೆ ಒಂದು ದಿನ ಬಿಳಿಯ ಚುಕ್ಕೆ ಕಾಣಿಸಿಕೊಂಡಿತು. ಎಲೆಗೆ ಹಚ್ಚುವ ಸುಣ್ಣ ತಾಗಿರಬೇಕೆಂದು ಅವ್ವ ಒದ್ದೆ ಬಟ್ಟೆಯಿಂದ ಉಜ್ಜಿದಳು. ಹೋಗಲಿಲ್ಲ. ಉಜ್ಜುತ್ತಾ ಉಜ್ಜುತ್ತಾ ಅವ್ವನ ಕೈ ನಿಧಾನವಾದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ತೊನ್ನು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ‘ಅದು’ ಎನ್ನುತ್ತಿದ್ದರು. ಅಪ್ಪ ಯಾರನ್ನೋ ಕೇಳಿ ಬಾವಂಚಿ ಬೀಜ ತಂದ. ಅದನ್ನು ಅರೆದು ಹಚ್ಚಿ ಅಕ್ಕನನ್ನು ಅಂಗಳದ ಬಿಸಿಲಿಗೆ ಕೂರಿಸಿದರು. ಬೊಬ್ಬೆ ಎದ್ದವೇ ಹೊರತು ಬಣ್ಣ ಬರಲಿಲ್ಲ. ಆಮೇಲೆ ಯಾರೂ ಹೇಳದೆಯೇ ಮನೆಯಲ್ಲಿ ಕೆಲವು ಬದಲಾವಣೆ ಆದವು. ಅಕ್ಕನ ಬಾಚಣಿಗೆ ಬೇರೆಯಾಯಿತು. ಅವಳ ತಟ್ಟೆ ಬಚ್ಚಲ ಗೂಡಿಗೆ ಹೋಯಿತು. ಅವಳು ಒರೆಸಿಕೊಂಡ ಬಟ್ಟೆಯನ್ನು ಅವ್ವ ಕೋಲಿನಿಂದ ಎತ್ತಿ ಒಣಹಾಕುವುದನ್ನು ನಾನು ನೋಡಿದೆ. ಅವ್ವನಿಗೆ ಅಕ್ಕನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿಯೂ ಇತ್ತು, ಕೋಲೂ ಇತ್ತು. ನಾನು ಹುಟ್ಟಿದಾಗಿನಿಂದ ಅಕ್ಕನ ಚಾಪೆಯಲ್ಲೇ ಮಲಗುತ್ತಿದ್ದವಳು, ಹಾಗೇ ಮಲಗುತ್ತಿದ್ದೆ.

ಹಚ್ಚೆ ಹಾಕಿಸಿ ಮುಚ್ಚಿಬಿಡುವ ಉಪಾಯ ಅಜ್ಜಿಯದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮದುವೆಗೆ ಬಂದ ಹುಡುಗಿಯ ಮುಂಗೈ ಮೇಲೆ ಹಚ್ಚೆ ಇದ್ದರೆ ಯಾರು ತಾನೇ ಅನುಮಾನ ಪಡುತ್ತಾರೆ? ಅಕ್ಕನಿಗೂ ಅದು ಹಿಡಿಸಿತು. ಆಗ ಬೇಲೂರಿನಲ್ಲಿ ಸ್ಕೂಲು ಮುಗಿಸಿದ ಹುಡುಗಿಯರು ಹಚ್ಚೆಗೆ ಮೂಗು ಮುರಿಯುತ್ತಿದ್ದರು, ಆದರೆ ಅವಳು ತಾನೇ ಮುಂದೆ ಬಂದು ತುಳಸಿಕಟ್ಟೆ ಬೇಕೆಂದಳು. ಸಣ್ಣವ್ವ ಜಗಲಿಯ ಮೇಲೆ ಕೂತು ಚುಚ್ಚಿದಳು. ನಾನು ಅಕ್ಕನ ಕೈ ಹಿಡಿದುಕೊಂಡೆ, ಹಿಡಿಯುವ ಅಗತ್ಯವೇ ಇರಲಿಲ್ಲ. ನಡುನಡುವೆ ಅವಳು ‘ಸ್’ ಎಂದು ಉಸಿರೆಳೆದುಕೊಂಡು ನಗುತ್ತಿದ್ದಳು. ಅರಿಶಿನ ಮೆತ್ತಿದ ಮೇಲೆ ಬಿಳುಪು ಕಾಣಲಿಲ್ಲ. ಅವತ್ತು ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರು. ಅಕ್ಕ ಎಲ್ಲರ ಜೊತೆ ನಡುಮನೆಯಲ್ಲೇ ಕೂತು ಉಂಡಳು.

ಆರು ತಿಂಗಳಿಗೆ ಬಲಗಾಲಿನ ಗಿಣ್ಣಿನ ಮೇಲೆ ಇನ್ನೊಂದು ಬಂತು. ಸಣ್ಣವ್ವನಿಗೆ ಮತ್ತೆ ಕರೆ ಹೋಯಿತು. ಗಿಣ್ಣಿನ ಮೇಲೆ ಮಾಂಸವೆಲ್ಲಿದೆ, ಬರೀ ತೊಗಲು. ಚೇಳಿನ ಮಾತು ಏನೆಂದು ಅವತ್ತು ನನಗೆ ಗೊತ್ತಾಯಿತು. ಅಕ್ಕನ ಕಾಲು ತಾನಾಗಿಯೇ ಒದೆಯುತ್ತಿತ್ತು. ನಾನು ಮೊಣಕಾಲ ಮೇಲೆ ಕೂತು ಭಾರ ಹಾಕಿದೆ. ಅಷ್ಟರಲ್ಲಿ ಮುಂಗೈಯ ತುಳಸಿಕಟ್ಟೆಯ ಸುತ್ತ ಸೀರೆಗೆ ಅಂಚು ಹಾಕಿದ ಹಾಗೆ ಬಿಳಿಯ ಗೆರೆ ಎದ್ದಿತ್ತು. ಮಸಿ ತೆಳುವಾಯಿತು ಎಂದು ಅಜ್ಜಿ ಸಣ್ಣವ್ವನನ್ನು ಬೈದಳು. ಗಂಡು ಮಗು ಹೆತ್ತವಳ ಹಾಲಲ್ಲಿ ಕಲಸಬೇಕಿತ್ತು, ಹೆಣ್ಣು ಹೆತ್ತವಳ ಹಾಲು ತಂದಿದ್ದೀಯ ಎಂದಳು. ಅಂಥ ಮೈಯಲ್ಲಿ ಗಾಯವಾದ ಕಡೆಯೇ ಬಿಳುಪು ಏಳುತ್ತದೆ ಎಂಬುದು ನಮಗೆ ಯಾರಿಗೂ ತಿಳಿದಿರಲಿಲ್ಲ. ನನಗದು ತಿಳಿದದ್ದು ಎಷ್ಟೋ ವರ್ಷದ ಮೇಲೆ, ನಾನು ನರ್ಸ್ ಆಗಿ ಅರಸೀಕೆರೆಯಲ್ಲಿ ಕೆಲಸ ಮಾಡುವಾಗ, ಚರ್ಮದ ಡಾಕ್ಟರೊಬ್ಬರು ಬೇರೆ ಯಾವುದೋ ಹುಡುಗಿಯ ತಾಯಿಗೆ ಹೇಳುತ್ತಿದ್ದಾಗ. ಚುಚ್ಚುಮದ್ದಿನ ಟ್ರೇ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಮುಚ್ಚುತ್ತೇವೆಂದುಕೊಂಡು ನಾವೇ ಸೂಜಿಯಿಂದ ಅದನ್ನು ಬಿತ್ತಿದ್ದೆವು.

ಗಂಡಸಿ ಎಂಬ ಊರಿನ ಕಡೆಯಿಂದ ಗಂಡು ಬಂತು. ತೆಂಗಿನ ತೋಟ, ಎರಡು ಜೊತೆ ಎತ್ತು, ಮಾತು ಕಡಿಮೆಯ ಹುಡುಗ. ಮಣಿಕಟ್ಟು ಮುಟ್ಟುವ ರವಿಕೆ ತೊಟ್ಟು, ಸೀರೆಯನ್ನು ಹಿಮ್ಮಡಿಗೆ ತಾಗುವಂತೆ ಉಟ್ಟು ಅಕ್ಕ ಕಾಫಿ ಕೊಟ್ಟಳು. ಅವರು ಒಪ್ಪಿದರು. ಶಾಸ್ತ್ರದ ದಿನ ಗಂಡಿನ ಕಡೆಯ ಹೆಂಗಸರೇ ಬಂದು ಹೆಣ್ಣಿಗೆ ಎಣ್ಣೆ ಅರಿಶಿನ ಹಚ್ಚಿ ನೀರು ಹಾಕುವುದು ಅವರ ಪದ್ಧತಿಯೆಂದು ಹೇಳಿ ಹೋದರು. ಮದುವೆಗೆ ಇನ್ನೂ ಒಂದು ತಿಂಗಳಿತ್ತು. ಒಂದು ಸಂಜೆ ಬಚ್ಚಲಲ್ಲಿ ನಾನು ಅಕ್ಕನ ಬೆನ್ನಿಗೆ ನೀರು ಹುಯ್ಯುತ್ತಿದ್ದಾಗ ಅವಳು ಎಡಗೈ ಮೇಲೆತ್ತಿ ಪಕ್ಕೆ ತೋರಿಸಿದಳು. ಪಕ್ಕೆಲುಬಿನ ಮೇಲೆ ನನ್ನ ಅಂಗೈ ಅಗಲದ ಬಿಳುಪು.

“ಯಾರಿಗೂ ಹೇಳ್ಬ್ಯಾಡ ಶಾಂತ. ಇದ್ನೂ ಚುಚ್ಚುಸ್ತಾರೆ. ನೀರು ಹಾಕೋವಾಗ ನಾನು ಹೆಂಗೋ ಸೀರೆ ಒತ್ತಿ ಹಿಡ್ಕೊಂತೀನಿ. ಮದ್ವೆ ಆದ್ಮೇಲೆ ಅವ್ರಿಗೆ ನಾನೇ ಹೇಳ್ತೀನಿ.”

ನಾನು ಅವಳ ತಲೆ ಮುಟ್ಟಿ ಆಣೆ ಮಾಡಿದೆ.

ಆಣೆ ಮಾಡಿದ್ದು ನಿಜ, ಹೆದರಿದ್ದೂ ನಿಜ. ಕೈಮೇಲೆ, ಕಾಲಮೇಲೆ ಬಂದಾಗ ಅದು ದೂರದ್ದು ಅನ್ನಿಸುತ್ತಿತ್ತು. ಪಕ್ಕೆಯೆಂದರೆ ಮಲಗುವಾಗ ನನ್ನ ಮೈಗೆ ತಾಗುವ ಜಾಗ. ನನಗಾಗ ಹನ್ನೊಂದು ವರ್ಷ. ಬೆಳಗ್ಗೆ ಎದ್ದ ಕೂಡಲೇ ಕೊಟ್ಟಿಗೆಯ ಮೂಲೆಗೆ ಹೋಗಿ ಲಂಗ ಎತ್ತಿ ನನ್ನ ಪಕ್ಕೆ, ಹೊಟ್ಟೆ, ತೊಡೆ ನೋಡಿಕೊಳ್ಳುತ್ತಿದ್ದೆ. ನಾಲ್ಕು ದಿನ ತಡೆದೆ. ಐದನೆಯ ದಿನ ಅಜ್ಜಿ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಾಗ ಪಕ್ಕದಲ್ಲಿ ಕೂತು, ಏನೂ ಅರಿಯದವಳ ಹಾಗೆ ಕೇಳಿದೆ.

“ಅಜ್ಜಿ, ಅದು ಪಕ್ಕೆ ಮ್ಯಾಲೆ ಬಂದ್ರೆ ಪಕ್ಕ ಮಲ್ಗಿದೋರಿಗೂ ಅಂಟ್ಕೊಂತದಾ?”

ಅಜ್ಜಿಯ ಮುದ್ದೆಕೋಲು ನಿಂತುಬಿಟ್ಟಿತು. ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಕೋಲನ್ನು ಹಾಗೇ ಮಡಕೆಯಲ್ಲಿ ಬಿಟ್ಟು, “ಗೌರೀ” ಎಂದು ಕೂಗುತ್ತಾ ಎದ್ದಳು. ಮುದ್ದೆ ಸೀದು ಹೋಯಿತು. ಆ ಸೀದ ಮುದ್ದೆಯನ್ನೇ ಎಲ್ಲರೂ ಉಂಡರು.

ಅವ್ವನಿಗೂ ಅಜ್ಜಿಗೂ ಎರಡು ದಿನ ಜಗಳವಾಯಿತು. ನನ್ನ ನೆನಪಿನಲ್ಲಿ ಅವ್ವ ಅತ್ತೆಗೆ ಎದುರು ನಿಂತದ್ದು ಅದೊಂದೇ ಸಲ.

“ಪಕ್ಕೆ ಯಾರಿಗ್ ಕಾಣ್ತದೆ ಅತ್ತೆ? ಮಗಾ ಸಾಕಾಗವ್ಳೆ, ಬುಡಿ.”

“ನೀರು ಹಾಕಕ್ಕೆ ಬತ್ತಾರಲ್ಲ ಹೆಂಗಸ್ರು, ಅವ್ರಿಗೆ ಕಣ್ಣಿಲ್ವಾ? ಕಟ್ಕೊಂಡೋನಿಗೆ ಕಣ್ಣಿಲ್ವಾ? ತಿರುಗ್ ಕಳುಸಿದ್ರೆ ನೀನು ಮಡಿಲಲ್ಲಿ ಕಟ್ಕೊಂಡು ಕೂತ್ಕೊಂತೀಯಾ?”

ಅವ್ವ ಸೋತಳು. ಸಣ್ಣವ್ವ ಬಂದು ನೋಡಿ ಸೂಜಿಯನ್ನು ಸಂಚಿಯಿಂದ ತೆಗೆಯಲೇ ಇಲ್ಲ.

“ಪಕ್ಕೆ ಬ್ಯಾಡ್ರವ್ವ. ಅದು ಉಸ್ರಾಡೋ ಜಾಗ, ಸೂಜಿ ನಿಲ್ಲಾಕಿಲ್ಲ. ಗಂಡುಸ್ರೂ ತಡ್ಯಾಕಿಲ್ಲ ಅಲ್ಲಿ.”

“ನಿಂಗ್ಯಾಕೆ, ಹೇಳ್ದಷ್ಟು ಮಾಡು,” ಎಂದಳು ಅಜ್ಜಿ.

ಕಿಟಕಿಯಿಲ್ಲದ ಆ ಕೋಣೆಯಲ್ಲಿ ಎರಡು ಬುಡ್ಡಿದೀಪ ಹಚ್ಚಿಟ್ಟು ಅಕ್ಕನನ್ನು ಬಲ ಮಗ್ಗುಲಿಗೆ ಮಲಗಿಸಿದರು. ಕಾಲನ್ನು ಅಜ್ಜಿ ಹಿಡಿದಳು. ಕಟ್ಟಳೆಯಂತೆ ಕೈಗಳು ನನ್ನ ಪಾಲಿಗೆ ಬಂದವು. ತಲೆಯ ಮೇಲಕ್ಕೆ ಎಳೆದು ಎರಡೂ ಮಣಿಕಟ್ಟನ್ನು ನೆಲಕ್ಕೆ ಒತ್ತಿ ಹಿಡಿದೆ. ಅಕ್ಕ ಉಸಿರೆಳೆದಾಗಲೆಲ್ಲ ಪಕ್ಕೆ ಮೇಲೇಳುತ್ತಿತ್ತು, ಸೂಜಿ ಬೇಕಾದ್ದಕ್ಕಿಂತ ಆಳಕ್ಕೆ ಹೋಗುತ್ತಿತ್ತು. ಸಣ್ಣವ್ವ ‘ಉಸ್ರು ಕಟ್ಟು, ಬುಡು, ಕಟ್ಟು’ ಎನ್ನುತ್ತಲೇ ಇದ್ದಳು. ಅಕ್ಕ ಕೂಗಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಕಣ್ಣು ಮಾತ್ರ ತೆರೆದಿತ್ತು, ನನ್ನನ್ನೇ ನೋಡುತ್ತಿತ್ತು. ನಾನು ವಾಡೆಗಳ ಕಡೆ ಮುಖ ತಿರುಗಿಸಿಕೊಂಡೆ. ಒಂದು ಸಲ ಅವಳ ಬಲಗೈ ಜಾರಿ ಬಿಡಿಸಿಕೊಂಡಿತು. ಅಜ್ಜಿ ‘ಗಟ್ಟಿಯಾಗ್ ಹಿಡ್ಕೊಳ್ಳೇ’ ಎಂದು ಗದರಿದಳು. ನಾನು ಆ ಕೈಯನ್ನು ಹುಡುಕಿ ಹಿಡಿದು, ಮೊದಲಿಗಿಂತ ಗಟ್ಟಿಯಾಗಿ ಒತ್ತಿದೆ.

ಹಚ್ಚೆ ಕೀವು ಹಿಡಿಯಿತು. ಅರಿಶಿನಕ್ಕೂ ಬೇವಿಗೂ ಬಗ್ಗಲಿಲ್ಲ. ಮೈ ಕೆಂಡದಂತೆ ಕಾಯುತ್ತಿತ್ತು. ಹತ್ತು ದಿನ ಅಕ್ಕ ಅದೇ ಕೋಣೆಯಲ್ಲಿ ಬಿದ್ದಿದ್ದಳು. ಲಗ್ನ ಮುಂದೆ ಹಾಕಬೇಕಾಗಿ ಬಂದಾಗ ಅಪ್ಪ ಹುಡುಗಿಗೆ ಕುರು ಎದ್ದಿದೆಯೆಂದು ಗಂಡಿನ ಮನೆಗೆ ಹೇಳಿ ಕಳಿಸಿದ. ಅದನ್ನು ಕೇಳಿ ಹುಡುಗನ ಅಕ್ಕ ಬಾಳೆಹಣ್ಣು, ಎಳನೀರು ಹಿಡಿದುಕೊಂಡು ಬಸ್ಸಿನಲ್ಲಿ ಬಂದಳು. ಒಳ್ಳೆಯ ಹೆಂಗಸು. ಯಾರು ತಡೆದರೂ ಕೇಳದೆ ಕೋಣೆಯೊಳಗೆ ಹೋಗಿ ಅಕ್ಕನ ಹಣೆ ಮುಟ್ಟಿ ನೋಡಿದಳು.

“ಎಲ್ಲವ್ವ ಕುರು ಎದ್ದಿರೋದು?”

ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೊದ್ದಿದ್ದ ಸೀರೆಯನ್ನು ಸರಿಸಿಬಿಟ್ಟಳು. ಪಕ್ಕೆ ತೋರಿಸಿದಳು. ಆಮೇಲೆ ಕೈ ಮುಂದೆ ಮಾಡಿ ಬಿಳಿ ಅಂಚು ಕಟ್ಟಿದ ತುಳಸಿಕಟ್ಟೆ ತೋರಿಸಿದಳು. ಕಾಲು ಚಾಚಿ ಗಿಣ್ಣು ತೋರಿಸಿದಳು.

“ನೋಡ್ಕೊಳ್ಳಿ ಅತ್ತಿಗೆ. ಇಷ್ಟೇ ಇರೋದು. ಇನ್ನು ಎಲ್ಲೂ ಇಲ್ಲ.”

ಆ ಹೆಂಗಸು ಅಕ್ಕನಿಗೆ ಎಳನೀರು ಕುಡಿಸಿ, ಸೀರೆ ಸರಿಯಾಗಿ ಹೊದಿಸಿ, ಸಂಜೆ ಬಸ್ಸಿಗೆ ಹೊರಟುಹೋದಳು. ವಾರಕ್ಕೆ ಸಂಬಂಧ ಬೇಡವೆಂದು ಹೇಳಿ ಕಳಿಸಿದರು. ಆದರೂ ಯಾಕೆ ಬೇಡವೆಂಬುದು ಅವಳ ಬಾಯಿಂದ ಊರಿಗೆ ಬರಲಿಲ್ಲ. ನಮ್ಮ ಊರಿಗೆ ಅದನ್ನು ಹೇಳಿದವರು ನಮ್ಮ ನೆಂಟರೇ.

ಆಮೇಲೆ ಅಕ್ಕನಿಗೆ ಗಂಡು ನೋಡಲಿಲ್ಲ, ಹಚ್ಚೆಯನ್ನೂ ಹಾಕಿಸಲಿಲ್ಲ. ಅಜ್ಜಿ ಅವಳ ಎದುರು ಕೂರುವುದನ್ನು ಬಿಟ್ಟಳು. ಮಧ್ಯಾಹ್ನದ ಆ ಜಗಳವೂ ನಿಂತುಹೋಯಿತು. ಅಕ್ಕ ಎಮ್ಮೆ ದನ ನೋಡಿಕೊಂಡಳು. ಅವಳು ಕರೆದ ಹಾಲನ್ನು ನೆರೆಮನೆಯವರು ಲೋಟಕ್ಕೆ ಹಾಕಿಸಿಕೊಳ್ಳುತ್ತಿರಲಿಲ್ಲ. ಊರಿಗೆ ಡೇರಿ ಬಂದ ಮೇಲೆ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬಿತ್ತು. ಕ್ಯಾನು ಯಾರನ್ನೂ ಕೇಳಲಿಲ್ಲ. ನಾನು ಓದಿ ನರ್ಸ್ ಆದೆ, ಮದುವೆಯಾಗಿ ಮಕ್ಕಳೂ ಆದರು. ಮೂವತ್ತು ವರ್ಷಕ್ಕೂ ಮೇಲೆ ಜನರಿಗೆ ಚುಚ್ಚಿದ್ದೇನೆ. ತೋಳಿಗೆ ಚುಚ್ಚಿದರೆ ಎಷ್ಟು ನೋವು, ಸೊಂಟಕ್ಕೆ ಎಷ್ಟು, ಕೂಸಿನ ತೊಡೆಗೆ ಎಷ್ಟು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ‘ಗಟ್ಟಿಯಾಗಿ ಹಿಡ್ಕೊಳ್ಳಿ’ ಎಂದು ಎಷ್ಟು ತಾಯಂದಿರಿಗೆ ಹೇಳಿದ್ದೇನೋ. ಹೇಳಿದ ಪ್ರತಿ ಸಲವೂ ನನ್ನ ಬೆರಳುಗಳು ತಾವಾಗಿಯೇ ಬಿಗಿಯುತ್ತಿದ್ದವು. ಕೆಲಸ ಬಿಟ್ಟ ಮೇಲೂ ಅದು ಹೋಗಿಲ್ಲ.

ಈಗ ಅಕ್ಕನೂ ನಾನೂ ಇಬ್ಬರೇ ಬೇಲೂರಿನಲ್ಲಿ, ಬಸ್ ಸ್ಟ್ಯಾಂಡಿಗೆ ಹತ್ತಿರದ ಎರಡು ಕೋಣೆಯ ಮನೆಯಲ್ಲಿದ್ದೇವೆ. ಬಿಳುಪು ಅಕ್ಕನ ಮೈಯನ್ನೆಲ್ಲ ತುಂಬಿಕೊಂಡು ಎಷ್ಟೋ ವರ್ಷವಾಯಿತು. ಹೊಸದಾಗಿ ನೋಡಿದವರು ‘ಎಷ್ಟು ಬೆಳ್ಳಗಿದ್ದೀರಿ’ ಎನ್ನುತ್ತಾರೆ. ಮೈ ಒಂದೇ ಬಣ್ಣವಾಗಿರುವುದರಿಂದ ರೋಗವೆಂದು ಯಾರಿಗೂ ಅನ್ನಿಸುವುದಿಲ್ಲ. ಎದ್ದು ಕಾಣುವುದು ನಾವು ಹಾಕಿಸಿದ ಹಚ್ಚೆ ಮಾತ್ರ.

ಹೋದ ತಿಂಗಳು ಹಾಸನದಲ್ಲಿ ಓದುವ ನನ್ನ ಮೊಮ್ಮಗಳು ಸಿಂಚನ ಬಂದಿದ್ದಳು. ಟ್ಯಾಟೂ ಹಾಕಿಸಿಕೊಳ್ಳುತ್ತಾಳಂತೆ. ಮೊಬೈಲಿನಲ್ಲಿ ಮನುಷ್ಯನ ಮೈಯ ಚಿತ್ರ ತೋರಿಸಿದಳು. ಕಡಿಮೆ ನೋಯುವ ತೋಳಿಗೆ, ತೊಡೆಗೆ ಹಸಿರು ಬಣ್ಣ, ಹೆಚ್ಚು ನೋಯುವ ಮಣಿಕಟ್ಟು, ಗಿಣ್ಣು, ಪಕ್ಕೆಲುಬಿಗೆ ಕೆಂಪು. ಅಜ್ಜಿ, ಅವ್ವ ವರ್ಷಗಟ್ಟಲೆ ಆಡಿದ ಜಗಳವನ್ನು ಯಾರೋ ಒಂದು ಚಿತ್ರದಲ್ಲಿ ಮುಗಿಸಿಬಿಟ್ಟಿದ್ದರು.

“ದೊಡ್ಡಜ್ಜಿ, ನಿಮಗೆ ಎಲ್ಲಿ ಜಾಸ್ತಿ ಪೇನ್ ಆಯ್ತು? ಈ ಕಲರ್ಸ್ ಕರೆಕ್ಟಾ?”

ಅಕ್ಕ ಕನ್ನಡಕ ಏರಿಸಿಕೊಂಡು ಚಿತ್ರವನ್ನು ಮೇಲಿಂದ ಕೆಳಗೆ ನೋಡಿದಳು.

“ಇದ್ನ ಬರ್ದೋರು ಹಾಕುಸ್ಕೊಂಡವ್ರಾ, ಸುಮ್ನೆ ಬಣ್ಣ ಬಳ್ದವ್ರಾ? ನಂಗೆ ಮುಂಗೈದು ನೋವೇ ಆಗ್ಲಿಲ್ಲ. ಅದು ನಾನೇ ಬೇಕು ಅಂತ ಹಾಕುಸ್ಕೊಂಡಿದ್ದು. ನೀನೂ ನಿಂಗೇ ಬೇಕಿದ್ರೆ ಹಾಕುಸ್ಕೊ ಮಗ, ಎಲ್ಲಾದ್ರೂ ಹಾಕುಸ್ಕೊ.”

ಹುಡುಗಿ ನಕ್ಕು, ಮೂರು ಗಂಟೆಯ ಬಸ್ಸಿಗೆ ಹೊರಟಳು. ಅವಳನ್ನು ಬಸ್ಸು ಹತ್ತಿಸಿ ಬಂದಾಗ ಅಕ್ಕ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಮಂಡಿ ನೋಯುತ್ತಿತ್ತು. ಎಷ್ಟೋ ವರ್ಷದಿಂದ ಒಳಗೇ ಇಟ್ಟುಕೊಂಡ ಮಾತನ್ನು ಹೊರಲು ಅವತ್ತು ಆಗಲಿಲ್ಲ, ಅಷ್ಟೇ. ಧೈರ್ಯ ಬಂದು ಹೇಳಿದ್ದಲ್ಲ.

“ಅಕ್ಕ, ಪಕ್ಕೆದನ್ನ ಅಜ್ಜಿಗೆ ಹೇಳಿದ್ದು ನಾನು.”

“ಗೊತ್ತು ಕಣೇ. ಬಚ್ಚಲಲ್ಲಿ ನೀನಲ್ದೆ ಇನ್ಯಾರಿದ್ರು?”

ಅವಳ ಕೈ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಸಿಟ್ಟೋ ಗೊತ್ತಾಗಲಿಲ್ಲ.

“ಗೊತ್ತಿದ್ದೂ ಒಂದಿನಾನೂ ಕೇಳ್ಲಿಲ್ಲ? ಬೈಲಿಲ್ಲ? ಒಂದೇಟಾದ್ರೂ ಹೊಡೀಬಾರ್ದಾಗಿತ್ತಾ?”

ಅಕ್ಕ ಹುಣಸೆಹಣ್ಣು ಅಂಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

“ಕೇಳಿದ್ರೆ ನೀನು ಅತ್ಕೊಂಡು ಹೋಗಿ ಅವ್ವನ ಚಾಪೇಲಿ ಮಲಿಕ್ಕೊಂತಿದ್ದೆ. ಆ ಮನೇಲಿ ನನ್ ಪಕ್ಕ ಮಲಗ್ತಿದ್ದೋಳು ನೀನೊಬ್ಳೇ ಅಲ್ವೇನೇ, ಶಾಂತ.”